ಕರೆಂಟಿನ ಕಾರು, ಊರೆಲ್ಲ ಅಭಿಪ್ರಾಯ

ನಮ್ಮ ಕಡೆ ಮನೆ ಕಟ್ಟಿಸುತ್ತೇನೆ ಅಂದರೆ ಜನ ಎಲ್ಲಿ ಅಂತ ಕೇಳಿ ಸುಮ್ಮನಾಗುತ್ತಾರೆ. ಮದುವೆ ಅಂದರೆ ಯಾವಾಗ ಅಂತ ಕೇಳಿ ಸುಮ್ಮನಾಗುತ್ತಾರೆ. ಕಾರು ತೆಗೆದುಕೊಳ್ಳುತ್ತೇನೆ ಅಂತ ಹೇಳಿ ನೋಡಿ, ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರೂ ಪಕ್ಕಕ್ಕೆ ಸರಿದು ಕೂತು ಅಭಿಪ್ರಾಯ ಕೊಡುತ್ತಾರೆ. ಅದೂ ಕರೆಂಟಿನ ಕಾರು ಅಂದರೆ ಬಸ್ಸು ಬಂದರೂ ಏಳುವುದಿಲ್ಲ.

ನಾನು ಮೂಡುಬಿದಿರೆಯ ಒಂದು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವಳು. ಯಜಮಾನರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರು. ನನಗೆ ಹಠ ಸ್ವಲ್ಪ ಜಾಸ್ತಿ ಎನ್ನುವ ವಿಷಯದಲ್ಲಿ ತವರುಮನೆಗೂ ಗಂಡನ ಮನೆಗೂ ಭಿನ್ನಾಭಿಪ್ರಾಯ ಇಲ್ಲ. ಕರೆಂಟಿನ ಕಾರೇ ಬೇಕು ಎಂದು ಹಠ ಹಿಡಿದೆ, ಕೊಂಡುಕೊಂಡೆ, ಇವತ್ತಿಗೂ ಓಡಿಸುತ್ತಿದ್ದೇನೆ. ಅದು ಮನೆಗೆ ಬರುವ ಮೊದಲೇ ಶುರುವಾದ ಪ್ರಸಂಗಗಳು ಇನ್ನೂ ನಿಂತಿಲ್ಲ. ಕಾರು ಚಾರ್ಜ್ ಮುಗಿದಾಗಲಾದರೂ ನಿಲ್ಲುತ್ತದೆ, ಇವಕ್ಕೆ ಅದೂ ಇಲ್ಲ.

ಸ್ಟಾಫ್ ರೂಮಿನ ತೀರ್ಪು

ವಿಷಯವನ್ನು ಮೊದಲು ಬಾಯಿಬಿಟ್ಟದ್ದು ಸ್ಟಾಫ್ ರೂಮಿನಲ್ಲಿ. ಊಟದ ಡಬ್ಬಿ ಮುಚ್ಚುವ ಹೊತ್ತಿಗೆ ಮೆಲ್ಲಗೆ ಹೇಳಿದೆ. ಮುಚ್ಚಿದ ಡಬ್ಬಿಗಳೆಲ್ಲ ಬದಿಗೆ ಸರಿದವು.

ಫಿಸಿಕ್ಸಿನವರು ಬ್ಯಾಟರಿಯ ಆಯುಸ್ಸಿನ ಬಗ್ಗೆ ಮಾತಾಡಿದರು. ಅವರ ಮುಖ ನೋಡಿದರೆ ಬ್ಯಾಟರಿ ಆಗಲೇ ಆಸ್ಪತ್ರೆಯಲ್ಲಿ ಮಲಗಿದ ಹಾಗಿತ್ತು. ಕಾಮರ್ಸಿನವರು, ಕಾರು ಷೋರೂಮಿನ ಗೇಟು ದಾಟಿದ ಕೂಡಲೇ ಅದರ ಬೆಲೆ ಬಿದ್ದುಹೋಗುತ್ತದೆ, ಹಾಗಾಗಿ ಗೇಟು ದಾಟಿಸದಿರುವುದೇ ಲಾಭ ಎಂದರು. ಕನ್ನಡದ ಮೇಡಂ, ಗೇರೇ ಇಲ್ಲದ ಮೇಲೆ ಎಡಗೈಗೆ ಏನು ಕೆಲಸ ಎಂದು ಚಿಂತಿಸಿದರು. ಎಲ್ಲರಿಗಿಂತ ಹೆಚ್ಚು ನೊಂದವರು ಪಿ.ಟಿ. ಮಾಸ್ತರು. ಅವರು ಮೊಬೈಲಿನಲ್ಲಿ ಕಾರ್ ರೇಸುಗಳನ್ನು ನೋಡುವವರು. ಈಗ ಕರೆಂಟಿನ ಕಾರುಗಳದ್ದೂ ರೇಸು ಬರ್ತದೆ ಮೇಡಂ, ಒಮ್ಮೆ ನೋಡಿದೆ, ಮತ್ತೆ ನೋಡಲಿಲ್ಲ ಎಂದರು. ಯಾಕೆ ಎಂದು ಕೇಳಿದೆ.

"ಶಬ್ದವೇ ಇಲ್ಲ. ಚೆಂಡೆ ಇಲ್ಲದೆ ಯಕ್ಷಗಾನ ನೋಡಿದ ಹಾಗೆ ಆಗ್ತದೆ. ವೇಷ ಕುಣೀತದೆ, ನಮಗೆ ನಿದ್ದೆ ಬರ್ತದೆ."

ನಾನು ರೇಸಿಗೆ ಹೋಗುವವಳಲ್ಲ, ಕಾಲೇಜಿಗೆ ಬರುವವಳು ಎಂದರೂ ಅವರಿಗೆ ಸಮಾಧಾನ ಆಗಲಿಲ್ಲ. ಬೆಲ್ಲು ಹೊಡೆಯುವಷ್ಟರಲ್ಲಿ ನಾನು ಕರೆಂಟಿನ ಕಾರು ತೆಗೆದುಕೊಳ್ಳಬಾರದು ಎಂದು ಸರ್ವಾನುಮತದಿಂದ ತೀರ್ಮಾನವಾಗಿತ್ತು. ನಾನು, ನಿಮ್ಮ ಅಭಿಪ್ರಾಯಕ್ಕೆ ಸಂತೋಷ, ಬರುವ ಭಾನುವಾರ ಷೋರೂಮಿಗೆ ಹೋಗ್ತೇನೆ ಎಂದು ಹೇಳಿ ಕ್ಲಾಸಿಗೆ ನಡೆದೆ.

ಸಂಜೆ ಬ್ಯಾಗು ಹೆಗಲಿಗೆ ಹಾಕುವಾಗ ಒಬ್ಬೊಬ್ಬರಾಗಿ ನನ್ನ ಮೇಜಿನ ಹತ್ತಿರ ಬಂದರು. ಪ್ರತಿಯೊಬ್ಬರೂ ಉಳಿದವರಿಗೆ ಕೇಳದ ಹಾಗೆ, ಕಾರು ಬಂದ ಮೇಲೆ ನೀವು ನಮ್ಮ ಮನೆಯ ದಾರಿಯಲ್ಲೇ ಹೋಗುವುದಲ್ಲವಾ ಎಂದು ಕೇಳಿದರು.

ಎಡಗಡೆಯ ಸೀಟು

ಷೋರೂಮು ಇರುವುದು ಬಂಟ್ವಾಳದಲ್ಲಿ, ಹೆದ್ದಾರಿಯ ಬದಿಗೆ. ಒಳಗೆ ಕಾಲಿಟ್ಟ ಕೂಡಲೇ ಟೈ ಕಟ್ಟಿದ ಸೇಲ್ಸ್‌ನವರೊಬ್ಬರು ಬಂದು ನನಗೆ ಒಂದು ಕುರ್ಚಿ, ಒಂದು ಲೋಟ ಜ್ಯೂಸು ಕೊಟ್ಟು ಕೂರಿಸಿ, ಯಜಮಾನರನ್ನು ಕಾರಿನ ಹತ್ತಿರ ಕರೆದುಕೊಂಡು ಹೋದರು. ಮೋಟರಿನ ಶಕ್ತಿ, ಪಿಕಪ್ಪು, ಬ್ರೇಕು ಹಾಕಿದಾಗ ಬ್ಯಾಟರಿಗೆ ವಾಪಸ್ ಬರುವ ಕರೆಂಟು, ಎಲ್ಲವನ್ನೂ ಬಿಡಿಸಿ ಹೇಳಿದರು. ಯಜಮಾನರು ಎಲ್ಲದಕ್ಕೂ ತಲೆ ಅಲ್ಲಾಡಿಸಿದರು. ಕೊನೆಗೆ ಅವರು ಕೇಳಿದ್ದು ಒಂದೇ, ಈ ನೀಲಿಯಲ್ಲಿ ಸ್ವಲ್ಪ ಹಸಿರು ಬೆರೆತ ಬಣ್ಣ ಉಂಟಾ ಅಂತ.

ಸೇಲ್ಸ್‌ನವರು ಸೋಲಲಿಲ್ಲ. ಒಮ್ಮೆ ಕೂತು ನೋಡಿ ಸರ್, ಆಮೇಲೆ ನೀವೇ ಹೇಳ್ತೀರಿ ಎಂದು ಬಲಗಡೆಯ ಬಾಗಿಲು ತೆಗೆದು ಹಿಡಿದರು. ಯಜಮಾನರು ಕಾರಿಗೆ ಒಂದು ಸುತ್ತು ಬಂದು, ಎಡಗಡೆಯ ಬಾಗಿಲು ತಾವೇ ತೆಗೆದು, ಕೂತು, ಬೆಲ್ಟು ಹಾಕಿಕೊಂಡರು.

"ನನ್ನ ಸೀಟು ಇದು. ಇದರಲ್ಲಿ ಹೊಸತು ಎಂತ ಉಂಟು, ಅದನ್ನು ಹೇಳಿ."

ಆಗ ಸೇಲ್ಸ್‌ನವರು ಮೊದಲ ಬಾರಿಗೆ ನನ್ನ ಕಡೆ ತಿರುಗಿ ನೋಡಿದರು. ನಾನು ಜ್ಯೂಸು ಕೆಳಗಿಟ್ಟು ಬಂದು ಸ್ಟೇರಿಂಗ್ ಹಿಡಿದೆ. ಅವರು ಹಿಂದಿನ ಸೀಟಿನಲ್ಲಿ ಕೂತರು. ಸಾಧಾರಣ ಟೆಸ್ಟ್ ಡ್ರೈವ್ ಎಂದರೆ ಮುಂದಿನ ಸರ್ಕಲಿನಲ್ಲಿ ತಿರುಗಿಸಿ ವಾಪಸ್ ಬರುವುದಂತೆ. ಸರ್ಕಲಿನಲ್ಲಿ ಒಂದು ಕಾರಿನ ಬಗ್ಗೆ ಏನು ಗೊತ್ತಾಗುತ್ತದೆ? ನಾನು ಮಾಣಿಯವರೆಗೆ ಹೋದೆ. ಮಾಣಿಯವರೆಗೆ ಬಂದ ಮೇಲೆ ವಿಟ್ಲ ಎಷ್ಟು ದೂರ? ಅಲ್ಲಿ ನನ್ನ ತವರುಮನೆ. ಸೇಲ್ಸ್‌ನವರು ಹಿಂದಿನಿಂದ ಒಂದೆರಡು ಸಲ ಮೇಡಂ, ಮೇಡಂ ಎಂದರು. ಆಮೇಲೆ ಬೆಲ್ಟು ಹಾಕಿಕೊಂಡರು.

ಮನೆಯಲ್ಲಿ ಅಮ್ಮ ಕಾರನ್ನು ಸುತ್ತು ಬಂದು ನೋಡಿದಳು. ಮಗಳ ಮಾತು ಅವಳಿಗೆ ಸಾಲದು, ಅಳಿಯ ಬಣ್ಣ ಬಿಟ್ಟು ಬೇರೆ ಮಾತಾಡುವುದಿಲ್ಲ. ಹಾಗಾಗಿ ಸೇಲ್ಸ್‌ನವರಿಗೆ ನೀರುದೋಸೆ ಬಡಿಸುತ್ತಾ ನೇರ ಅವರನ್ನೇ ಕೇಳಿದಳು, ಕರೆಂಟಿನ ಗಾಡಿಯನ್ನು ನಂಬಬಹುದಾ ಅಂತ. ಅವರು ಕಣ್ಣುಮುಚ್ಚಿ ನಂಬಿ ಅಮ್ಮಾ, ಇನ್ನು ಮುಂದೆ ಎಲ್ಲ ಅದೇ, ಪೆಟ್ರೋಲಿನ ಕಾಲ ಮುಗಿಯಿತು ಎಂದರು.

ಅಮ್ಮ ಇನ್ನೊಂದು ದೋಸೆ ಹಾಕಿದಳು. "ಹೌದಾ ಮಗಾ. ನಿನ್ನ ಹತ್ತಿರ ಯಾವುದುಂಟು?"

ಅವರು ತಟ್ಟೆ ನೋಡಿಕೊಂಡು, ಬೈಕು ಅಮ್ಮಾ, ಪೆಟ್ರೋಲಿಂದು ಎಂದರು.

ಹಿಂದಿನಿಂದ ಬಂದದ್ದು

ಕಾರು ಬಂತು. ಹಸಿರು ಬೆರೆತ ನೀಲಿಯೇ ಸಿಕ್ಕಿತು.

ನಮ್ಮ ಎದುರುಮನೆಯ ಹಿರಿಯರಿಗೆ ಕಾರಿಲ್ಲ, ಆದರೆ ಕಾರುಗಳ ಬಗ್ಗೆ ತಿಳಿಯದ್ದು ಏನೂ ಇಲ್ಲ. ಯಾವ ದೇಶದಲ್ಲಿ ಯಾವ ಕಾರ್ಖಾನೆ ಮುಚ್ಚುತ್ತದೆ, ಯಾವ ಕಂಪೆನಿ ಯಾವುದನ್ನು ಕೊಂಡುಕೊಳ್ಳುತ್ತದೆ, ಎಲ್ಲ ಮೊಬೈಲಿನಲ್ಲಿ ನೋಡಿ ಗೇಟಿನ ಹತ್ತಿರ ನಿಂತು ಹೇಳುತ್ತಾರೆ. ನನ್ನ ಕಾರು ಬಂದ ದಿನ ಮಾತ್ರ ಒಂದು ಸುತ್ತು ನೋಡಿ, ಒಳ್ಳೆಯದಾಗಲಿ ಎಂದಷ್ಟೇ ಹೇಳಿ ಹೋಗಿದ್ದರು. ನನಗೆ ಅದೇ ಆಶ್ಚರ್ಯ.

ಒಂದು ಸಂಜೆ ಕಾಲೇಜಿನಿಂದ ಬರುವಾಗ ನಮ್ಮ ಮನೆಗೆ ತಿರುಗುವ ಓಣಿಯಲ್ಲಿ ಅವರು ನಡೆದು ಹೋಗುತ್ತಿದ್ದರು. ಎರಡೂ ಬದಿಗೆ ಕಾಂಪೌಂಡ್ ಗೋಡೆ, ಓಣಿಯ ಮಧ್ಯದಲ್ಲಿ ಅವರು, ಕಿವಿಯಲ್ಲಿ ಫೋನು. ಹಾರ್ನು ಹಾಕಿದರೆ ಬೆಚ್ಚಿಬಿದ್ದಾರು, ವಯಸ್ಸಾದವರು ಎಂದು ನಾನು ಮೆಲ್ಲಗೆ ಹಿಂದಿನಿಂದ ಹೋದೆ. ನನ್ನ ಕಾರು ನಡೆಯುವ ವೇಗದಲ್ಲಿ ಹೋದರೆ ಚಪ್ಪಲಿಯ ಶಬ್ದವೇ ಅದಕ್ಕಿಂತ ಹೆಚ್ಚು. ಸೆಕೆಗೆ ಕಿಟಕಿ ಇಳಿಸಿದ್ದೆ, ಅವರ ಮಾತು ಸ್ಪಷ್ಟ ಕೇಳಿಸುತ್ತಿತ್ತು.

ಎದುರುಮನೆಯ ಮೇಡಂ ತಗೊಂಡಿದ್ದಾರೆ ಮಾರಾಯ, ಎಂದು ಅವರು ಫೋನಿನಲ್ಲಿದ್ದವರಿಗೆ ಹೇಳುತ್ತಿದ್ದರು. ಹೇಳಿದರೆ ಕೇಳುವ ಜನ ಅಲ್ಲ. ಆಟದ ಸಾಮಾನಿನ ಹಾಗುಂಟು. ಒಂದು ಮಳೆಗಾಲ ಕಳೆಯಲಿ, ಆಮೇಲೆ ಅದರಲ್ಲಿ ಕೋಳಿ ಸಾಕಬಹುದು. ಗಂಡ ಪಾಪ, ಅವರಿಗೆ ಬಣ್ಣ ಮಾತ್ರ ಗೊತ್ತಾಗುವುದು.

ಇಷ್ಟು ಕೇಳಿದ ಮೇಲೆ ನಾನು ಹಾರ್ನು ಹಾಕುವ ಯೋಚನೆಯನ್ನೇ ಬಿಟ್ಟೆ. ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದ ಅಭಿಪ್ರಾಯ ಪೂರ್ತಿ ಹೊರಗೆ ಬರಲಿ ಎಂದು ಅವರ ಹಿಂದೆಯೇ ಹೋದೆ. ಬ್ಯಾಟರಿ, ಬಾಗಿಲು, ನನ್ನ ಡ್ರೈವಿಂಗು, ಯಾವುದನ್ನೂ ಅವರು ಬಿಡಲಿಲ್ಲ. ಅವರ ಗೇಟು ಬಂತು. ತಿರುಗಿದರು. ಬಾನೆಟ್ಟು ಅವರ ಮೊಣಕಾಲಿನ ಹತ್ತಿರ ಇತ್ತು, ಅದರ ಹಿಂದೆ ನಾನು.

ಅವರು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಸ್ವರವನ್ನೂ ತಗ್ಗಿಸಲಿಲ್ಲ. "ನಾನು ಹೇಳಿದ್ದು ಬೇರೆಯವರ ಕಾರು ಮಾರಾಯ. ನಮ್ಮ ಮೇಡಮಿಂದು ಫಸ್ಟ್ ಕ್ಲಾಸ್ ಉಂಟು."

ಸಂತಾಪ

ಹೊಸ ಕಾರಿನ ವಾಸನೆ ಹೋಗುವ ಮೊದಲೇ ಕಂಪೆನಿಯವರು ಅದೇ ಕಾರಿನ ಬೆಲೆ ಇಳಿಸಿಬಿಟ್ಟರು. ಪೇಪರಿನಲ್ಲಿ ಅರ್ಧ ಪುಟದ ಜಾಹೀರಾತು. ನಾನು ನೋಡುವ ಮೊದಲು ಊರೇ ನೋಡಿತ್ತು.

ಅವತ್ತು ಸಂಜೆಯಿಂದ ಮನೆಗೆ ಜನ ಬರಲಿಕ್ಕೆ ಶುರು. ಒಳಗೆ ಬಂದವರು ಮೆಲ್ಲಗೆ ಕೂರುತ್ತಿದ್ದರು. ಆಮೇಲೆ ಒಂದು ನಿಟ್ಟುಸಿರು. ವಿಷಯ ಗೊತ್ತಾಯಿತು, ಕೇಳಿ ಬೇಜಾರಾಯಿತು ಎನ್ನುವುದು. ಯಜಮಾನರೂ ಅವರ ಜೊತೆ ತಲೆ ತಗ್ಗಿಸಿ ಕೂತುಬಿಡುತ್ತಿದ್ದರು. ನಾನು ಚಾ ತಂದರೆ, ಇಂಥ ಹೊತ್ತಿನಲ್ಲಿ ಚಾ ಎಲ್ಲ ಯಾಕೆ ಎಂದು ಹೇಳಿ ಕುಡಿಯುತ್ತಿದ್ದರು. ಹಿಂದಿನ ಬೀದಿಯ ಅಜ್ಜಿಯೊಬ್ಬರು ನನ್ನ ಕೈ ಹಿಡಿದುಕೊಂಡು, ಧೈರ್ಯ ತಂದುಕೋ ಮಗಾ, ಕಾರಾದರೂ ಇದೆಯಲ್ಲ ಎಂದರು.

ನಾನು ಕುಗ್ಗಲಿಲ್ಲ. ಕಾರು ತಂದದ್ದು ಓಡಿಸಲಿಕ್ಕೆ, ಮಾರಲಿಕ್ಕಲ್ಲ ಎಂದು ಬಂದವರಿಗೆಲ್ಲ ಹೇಳಿದೆ. ಪಾಪ, ದುಃಖದಲ್ಲಿ ಏನೋ ಮಾತಾಡುತ್ತಾಳೆ ಎನ್ನುವ ಹಾಗೆ ನೋಡಿದರು.

ಕಷ್ಟ ಆದದ್ದು ಮರುದಿನ, ಕ್ಲಾಸಿನಲ್ಲಿ. ದೊಡ್ಡ ಪ್ರಮಾಣದಲ್ಲಿ ಉತ್ಪಾದನೆ ಆದ ಹಾಗೆ ಪ್ರತಿ ವಸ್ತುವಿನ ಖರ್ಚು ಇಳಿಯುತ್ತದೆ, ಪೈಪೋಟಿ ಹೆಚ್ಚಿದ ಹಾಗೆ ಬೆಲೆಯೂ ಇಳಿಯುತ್ತದೆ ಎಂದು ಸ್ವಲ್ಪ ದಿನದ ಹಿಂದೆ ಪಾಠ ಮಾಡಿದವಳು ನಾನೇ. ಉದಾಹರಣೆಗೆ ಬೋರ್ಡಿನ ಮೇಲೆ ಬರೆದದ್ದು ಕರೆಂಟಿನ ಕಾರನ್ನೇ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ಬೆಲೆ ಇಳಿಯುತ್ತದೆ ಅಂತ ನಿಮಗೆ ಗೊತ್ತಿತ್ತಲ್ಲ ಮೇಡಂ, ಮತ್ತೆ ಯಾಕೆ ಮೊದಲೇ ತಗೊಂಡಿರಿ ಎಂದು ಕೇಳಿದಳು. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. ಹಾಗಾಗಿ ನಾನೂ ಪ್ರಾಮಾಣಿಕವಾಗಿ ಉತ್ತರ ಕೊಟ್ಟೆ. ಗೊತ್ತಿದ್ದವರೆಲ್ಲ ಕಾಯುತ್ತಾ ಕೂತರೆ ಕಾರು ತಗೊಳ್ಳುವವರೇ ಇರುವುದಿಲ್ಲ. ತಗೊಳ್ಳುವವರಿಲ್ಲದಿದ್ದರೆ ಕಾರ್ಖಾನೆ ಹೆಚ್ಚು ಮಾಡುವುದಿಲ್ಲ, ಬೆಲೆ ಇಳಿಯುವುದೂ ಇಲ್ಲ. ಯಾರಾದರೂ ಗಟ್ಟಿ ಮನಸ್ಸು ಮಾಡಿ ಮೊದಲು ತಗೊಳ್ಳಬೇಕು. ನಾವು ತಗೊಂಡದ್ದರಿಂದಲೇ ಹಿಂದೆ ಬರುವವರಿಗೆ ಅಗ್ಗವಾಗುವುದು ಎಂದೆ. ಹೇಳುತ್ತಾ ಹೇಳುತ್ತಾ ನನಗೇ ನನ್ನ ಬಗ್ಗೆ ಸ್ವಲ್ಪ ಹೆಮ್ಮೆಯಾಯಿತು.

ಹುಡುಗಿ ಪೂರ್ತಿ ಕೇಳಿ ತಲೆದೂಗಿದಳು. "ಥ್ಯಾಂಕ್ಸ್ ಮೇಡಂ. ನಮ್ಮಪ್ಪ ನಿನ್ನೆ ಬುಕ್ ಮಾಡಿದರು."

ಗೀಸರಿನ ಪಾಯಿಂಟು

ನನ್ನ ನಾದಿನಿಯ ಮಗ ಹುಡುಗಿ ನೋಡುವ ವಿಷಯದಲ್ಲಿ ಬಹಳ ಚುರುಕು. ಅಂದರೆ ಬೇಡ ಎನ್ನುವುದರಲ್ಲಿ. ಅವಲಕ್ಕಿ ಮುಗಿಯುವಷ್ಟರಲ್ಲಿ ಗಡಿಯಾರ ನೋಡುತ್ತಾನೆ, ಕಾರು ಗೇಟು ದಾಟುವಷ್ಟರಲ್ಲಿ ಬೇಡ ಎಂದು ಹೇಳಿರುತ್ತಾನೆ. ನಾದಿನಿಗೆ ನಾಚಿಕೆಯಾಗಿ, ಇನ್ನು ನಾನು ಬರುವುದಿಲ್ಲ, ನೀವು ಅತ್ತೆ ಮಾವ ಕರೆದುಕೊಂಡು ಹೋಗಿ ಎಂದಳು.

ಈ ಸಲದ ಹುಡುಗಿಯ ಮನೆ ಬೆಳ್ತಂಗಡಿಯಿಂದಲೂ ಒಳಗೆ, ಗುಡ್ಡದ ಬದಿಯ ಒಂದು ಹಳ್ಳಿ. ಹಿಂದಿನ ದಿನ ಗಾಳಿಮಳೆಗೆ ನಮ್ಮಲ್ಲಿ ಕರೆಂಟು ಹೋಗಿ ಕಾರು ಚಾರ್ಜ್ ಆಗಿರಲಿಲ್ಲ. ಇನ್ನೊಂದು ದಿನ ಹೋಗುವ, ಇಲ್ಲವೇ ಬಾಡಿಗೆ ಕಾರು ಮಾಡುವ ಎಂದು ಯಜಮಾನರು ಹೇಳಿದರು. ನನ್ನ ಕಾರು ಮನೆಯಲ್ಲಿರುವಾಗ ಬಾಡಿಗೆ ಕಾರಿನಲ್ಲಿ ಹೋದರೆ ಊರಿನವರ ಬಾಯಿಗೆ ಬೀಗ ಹಾಕುವುದು ಯಾರು? ಹೋಗಿಯೇ ಹೋದೆವು. ಗುಡ್ಡ ಹತ್ತಿ ಅಂಗಳದಲ್ಲಿ ನಿಲ್ಲಿಸುವಾಗ, ವಾಪಸ್ ಬರುವಷ್ಟು ಚಾರ್ಜ್ ಇರಲಿಲ್ಲ.

ಹುಡುಗಿಯ ತಂದೆ ಸಂಭಾವಿತರು. ಜೋರು ಕರೆಂಟಿನ ಪಾಯಿಂಟು ಬಚ್ಚಲಿನಲ್ಲಿ ಮಾತ್ರ ಉಂಟು, ಗೀಸರಿನದ್ದು ಎಂದರು. ಬಚ್ಚಲಿನ ಕಿಟಕಿಯಿಂದ ವಯರು ಹೊರಗೆ ಬಂತು, ಹಲಸಿನ ಮರದ ಕೆಳಗೆ ಕಾರು ನಿಂತಿತು. ಮನೆಪಾಯಿಂಟಿನಲ್ಲಿ ಅದು ಬಹಳ ನಿಧಾನ. ಅವಲಕ್ಕಿ ಆಯಿತು, ಚಾ ಆಯಿತು, ಜಾತಕದ ಮಾತಾಯಿತು. ಹುಡುಗ ಎಂದಿನಂತೆ ಗಡಿಯಾರ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಕೂತುಕೋ, ಆಗಿಲ್ಲ ಎಂದೆ. ಊಟ ಇಲ್ಲೇ ಆಗಲಿ ಎಂದರು ಮನೆಯವರು. ನಾವು ಬೇಡ ಎನ್ನುವ ಸ್ಥಿತಿಯಲ್ಲಿ ಇರಲಿಲ್ಲ.

ಊಟದ ಮೇಲೆ ಹುಡುಗ ಬೇಸರಕ್ಕೆ ಕಾರಿನ ಹತ್ತಿರ ಹೋಗಿ ನಿಂತ. ಹುಡುಗಿಯೂ ಕಾರು ನೋಡಲಿಕ್ಕೆಂದು ಹೊರಗೆ ಹೋದಳು. ಇದೆಲ್ಲ ಗುಡ್ಡದ ಊರಿಗೆ ಆಗುವುದಿಲ್ಲ, ಏನಿದ್ದರೂ ಪೆಟ್ರೋಲೇ ಸರಿ ಎಂದು ಅವಳು ಹೇಳಿದ್ದು ಚಾವಡಿಯಲ್ಲಿ ಕೂತಿದ್ದ ನಮಗೆ ಕೇಳಿಸಿತು. ಅಲ್ಲಿಯವರೆಗೆ ನನ್ನ ಕಾರನ್ನು ಮನಸ್ಸಿನಲ್ಲೇ ಬೈಯುತ್ತಿದ್ದ ಹುಡುಗ ತಟ್ಟನೆ ಅದರ ಪರವಾಗಿ ನಿಂತ. ಅವಳು ಬಿಡಲಿಲ್ಲ. ಕರೆಂಟು ಹೋದರೆ ಎಂತ ಮಾಡ್ತೀರಿ ಎಂದಳು. ಬಂಕ್ ಮುಚ್ಚಿದರೆ ನೀವು ಎಂತ ಮಾಡ್ತೀರಿ ಎಂದ ಇವನು. ಹಲಸಿನ ಮರದ ಕೆಳಗೆ ಇಬ್ಬರೂ ಜಗಳಾಡುತ್ತಾ ಕೂತರು. ಒಳಗೆ ಹಿರಿಯರಿಗೆ ಆತಂಕ, ಯಜಮಾನರಿಗೆ ನಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಹೋಗಿ ನೋಡಿದೆ. ಮನೆಗೆ ಮುಟ್ಟಿ ಮಿಗುವಷ್ಟು ಚಾರ್ಜ್ ಆಗಿತ್ತು. ಹೊರಡುವಾ ಎಂದು ಹುಡುಗನನ್ನು ಕೇಳಿದೆ.

ಅವನು ಎದ್ದೇಳಲಿಲ್ಲ. "ಇನ್ನೂ ಸ್ವಲ್ಪ ಆಗಲಿ ಅತ್ತೆ. ದಾರಿಯಲ್ಲಿ ನಿಂತರೆ ಕಷ್ಟ."

ಗೇಟಿನ ಏರು

ಕೊನೆಯದ್ದು ರೇಸಿನ ಕತೆ.

ನಮ್ಮ ಊರಿನ ಹತ್ತಿರದ ಒಂದು ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ತಾವೇ ಕರೆಂಟಿನ ರೇಸು ಕಾರು ಮಾಡಿ, ಮೈದಾನದಲ್ಲಿ ಓಡಿಸುವ ಸ್ಪರ್ಧೆ ಇಟ್ಟಿದ್ದರು. ನೋಡಲಿಕ್ಕೆ ಬಹಳ ಜನ. ಕಾರುಗಳು ನೆಲಕ್ಕೆ ಅಂಟಿಕೊಂಡ ಹಾಗೆ, ಹುಡುಗರ ತಲೆ ಮಾತ್ರ ಮೇಲೆ. ಚುರ್ ಎಂದು ಸುತ್ತು ಹೊಡೆದವು, ಒಂದು ಗೆದ್ದಿತು, ಹುಡುಗರು ಗೆದ್ದವನನ್ನು ಎತ್ತಿ ಕುಣಿದರು. ಎಲ್ಲ ಮುಗಿದ ಮೇಲೆ ನನ್ನ ಪಕ್ಕದಲ್ಲಿ ಕೂತಿದ್ದವರೊಬ್ಬರು, ಸ್ಟಾರ್ಟ್ ಮಾಡುವುದು ಎಷ್ಟು ಹೊತ್ತಿಗೆ ಎಂದು ಕೇಳಿದರು.

ಅದಾದ ಮೇಲೆ ಊರಿನವರಿಗೂ ಒಂದು ಸ್ಪರ್ಧೆ ಇತ್ತು. ಅವರವರ ಕರೆಂಟಿನ ಕಾರು ತರಬೇಕು. ಕಾಲೇಜಿನಿಂದ ಹೊರಟು ಹಳ್ಳಿ ರಸ್ತೆಯಲ್ಲಿ ಒಂದು ದೊಡ್ಡ ಸುತ್ತು ಹಾಕಿ ಕಾಲೇಜಿನ ಗೇಟಿಗೇ ವಾಪಸ್ ಬರಬೇಕು. ಬೇಗ ಬಂದವರು ಗೆಲ್ಲುವುದಲ್ಲ, ಕಡಿಮೆ ಕರೆಂಟು ಖರ್ಚು ಮಾಡಿದವರು ಗೆಲ್ಲುವುದು. ಕಾರಿನಲ್ಲಿ ಇಬ್ಬರು ಇರಬೇಕು. ನನ್ನನ್ನು ಬಿಟ್ಟರೆ ಹೆಸರು ಕೊಟ್ಟವರು ಎಲ್ಲ ಗಂಡಸರು. ಅವರಲ್ಲಿ ಬಂಟ್ವಾಳದ ಒಬ್ಬರು ಡಾಕ್ಟರು ನನ್ನನ್ನು ನೋಡಿ, ನೀವು ಬಂದದ್ದೇ ಸಂತೋಷ ಮೇಡಂ, ಸೋಲು ಗೆಲುವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಆ ಕ್ಷಣವೇ ಗೆಲ್ಲುವುದೆಂದು ತೀರ್ಮಾನಿಸಿದೆ.

ಭಾರ ಕಡಿಮೆಯಾದಷ್ಟೂ ಕರೆಂಟು ಉಳಿಯುತ್ತದೆ. ಡಿಕ್ಕಿಯಲ್ಲಿದ್ದ ತೆಂಗಿನಕಾಯಿ, ಕೊಡೆಗಳು, ಕಾಲೊರಸು, ಅಮ್ಮ ಕೊಟ್ಟ ಉಪ್ಪಿನಕಾಯಿ ಭರಣಿ ಎಲ್ಲ ಕೆಳಗಿಳಿಸಿದೆ. ಇನ್ನು ಇಳಿಸಲಿಕ್ಕೆ ಏನುಂಟು ಎಂದು ನೋಡಿದೆ. ಎಡಗಡೆಯ ಸೀಟಿನಲ್ಲಿದ್ದ ಯಜಮಾನರು ಬೆಲ್ಟನ್ನು ಗಟ್ಟಿ ಹಿಡಿದುಕೊಂಡು, ಇಬ್ಬರು ಇರಬೇಕು ಎಂದು ನೆನಪಿಸಿದರು.

ಎ.ಸಿ. ಹಾಕಲಿಲ್ಲ. ಕಿಟಕಿ ತೆರೆದರೆ ಗಾಳಿ ಒಳಗೆ ನುಗ್ಗಿ ಕಾರನ್ನು ಹಿಂದೆ ಎಳೆಯುತ್ತದೆ, ಹಾಗಾಗಿ ಕಿಟಕಿಯನ್ನೂ ತೆರೆಯಲಿಲ್ಲ. ವೇಗ ಹೆಚ್ಚಾದರೆ ಕರೆಂಟು ಸುಡುತ್ತದೆ, ಹಾಗಾಗಿ ವೇಗವೂ ಇಲ್ಲ. ಉಳಿದವರೆಲ್ಲ ಮುಂದೆ ಹೋದರು. ಆಮೇಲೆ ಒಂದು ಸೈಕಲು ಮುಂದೆ ಹೋಯಿತು. ಒಬ್ಬರು ರಿಕ್ಷಾದವರು ಪಕ್ಕಕ್ಕೆ ಬಂದು, ಎಂತಾಯಿತು ಅಕ್ಕ ಎಂದು ಸನ್ನೆಯಲ್ಲೇ ಕೇಳಿದರು. ಯಜಮಾನರ ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ಒಮ್ಮೆ ಕಿಟಕಿ ಇಳಿಸುವ ಎಂದರು. ಗೆದ್ದ ಮೇಲೆ ಇಳಿಸುವ ಎಂದೆ.

ಮೀಟರು ನೋಡಿದರೆ ನನಗೇ ನಂಬಿಕೆ ಬರಲಿಲ್ಲ, ಅಷ್ಟು ಕಡಿಮೆ ಖರ್ಚಾಗಿತ್ತು. ಉಳಿದದ್ದು ಕಾಲೇಜಿನ ಗೇಟಿನವರೆಗಿನ ಏರು ರಸ್ತೆ ಮಾತ್ರ. ಏರಿನಲ್ಲೇ ಕರೆಂಟು ಹೆಚ್ಚು ತಿನ್ನುವುದು, ಹಾಗಾಗಿ ಪೆಡಲಿಗೆ ಕಾಲು ಮುಟ್ಟಿಯೂ ಮುಟ್ಟದ ಹಾಗೆ ಇಟ್ಟು ಹತ್ತಿಸಿದೆ. ಕಾರು ಹೋಗುತ್ತಿತ್ತು, ಆದರೆ ಹೋಗುತ್ತಿದೆ ಎಂದು ಒಳಗಿದ್ದವರಿಗೆ ಮಾತ್ರ ಗೊತ್ತಾಗುವಷ್ಟು. ಶಬ್ದ ಹೇಗೂ ಇಲ್ಲ.

ರಸ್ತೆಯ ಬದಿಯ ಗದ್ದೆಯಲ್ಲಿ ಯುವಕರು ವಾಲಿಬಾಲ್ ಆಡುತ್ತಿದ್ದರು. ಒಬ್ಬ ನಮ್ಮನ್ನು ನೋಡಿದ, ಉಳಿದವರನ್ನು ಕರೆದ. ಎರಡೂ ತಂಡದವರು ಚೆಂಡು ಬಿಟ್ಟು ಓಡಿ ಬಂದರು. ಏನಾಗುತ್ತಿದೆ ಎಂದು ನಮಗೆ ಅರ್ಥವಾಗುವಷ್ಟರಲ್ಲಿ ಎಲ್ಲರ ಕೈಯೂ ಕಾರಿನ ಹಿಂಭಾಗದಲ್ಲಿತ್ತು. ಕಿಟಕಿಯ ಪಕ್ಕಕ್ಕೆ ಬಂದ ಒಬ್ಬ ಗಾಜಿನ ಹೊರಗಿನಿಂದ ಕೂಗಿ ಹೇಳಿದ,

"ಅಕ್ಕ, ನೀವು ಸ್ಟೇರಿಂಗ್ ಮಾತ್ರ ನೋಡಿಕೊಳ್ಳಿ. ನಾವು ಉಂಟಲ್ಲ."

ಬೇಡ, ಬೇಡ ಎಂದು ನಾನು ಒಳಗಿನಿಂದ ಕೂಗಿದೆ. ಮುಚ್ಚಿದ ಗಾಜು, ಕೇಳಿಸಲಿಲ್ಲ. ಯಜಮಾನರು ಎರಡೂ ಕೈ ಎತ್ತಿ ಬೇಡವೆಂದು ಬೀಸಿದರು. ನಮಸ್ಕಾರ ಮಾಡುತ್ತಿದ್ದಾರೆಂದು ತಿಳಿದು ಅವರು ಇನ್ನೂ ಜೋರು ನೂಕಿದರು. ಬ್ರೇಕು ಹಾಕಿದರೆ ಹಿಂದಿನ ಹುಡುಗರಿಗೆ ಪೆಟ್ಟಾಗುತ್ತದೆ. ಪೆಡಲು ಒತ್ತಿ ಮುಂದೆ ಓಡುವ ಎಂದರೆ ಅಷ್ಟು ಹೊತ್ತು ಉಳಿಸಿದ ಕರೆಂಟು ಹೋಗುತ್ತದೆ. ಕಿಟಕಿ ಇಳಿಸಿ ಹೇಳಲಾ ಎಂದು ಯಜಮಾನರು ಕೇಳಿದರು. ಆ ಗಡಿಬಿಡಿಯಲ್ಲೂ ನನ್ನ ಬಾಯಿಂದ ಬಂದದ್ದು, ಗಾಳಿ ಬರ್ತದೆ, ಬೇಡ ಅಂತ.

ಹಾಗೆ, ಐಸಾ ಎಂದು ಕೂಗುವವರ ನಡುವೆ, ಅಷ್ಟು ಹೊತ್ತು ಕಾಣದಿದ್ದ ವೇಗದಲ್ಲಿ ನನ್ನ ಕಾರು ಗೇಟು ದಾಟಿ ತೀರ್ಪುಗಾರರ ಮೇಜಿನ ಮುಂದೆ ಬಂದು ನಿಂತಿತು. ಆಟಗಾರರು ಬೆವರು ಒರೆಸಿಕೊಂಡು, ಮೆಕ್ಯಾನಿಕ್ಕಿಗೆ ಫೋನು ಮಾಡಬೇಕಾ ಅಕ್ಕ ಎಂದರು.

ತೀರ್ಪುಗಾರರು ಆ ಕಾಲೇಜಿನ ಹಿರಿಯ ಪ್ರಾಧ್ಯಾಪಕರು, ನಗುವ ಜನ ಅಲ್ಲ. ಮೀಟರು ನೋಡಿದರು, ಮೇಜಿನಲ್ಲಿದ್ದ ಉಳಿದವರ ಜೊತೆ ಮೆಲ್ಲಗೆ ಮಾತಾಡಿದರು, ಡಾಕ್ಟರ ಕಾರಿನ ಲೆಕ್ಕವನ್ನು ಇನ್ನೊಮ್ಮೆ ನೋಡಿದರು. ಆಮೇಲೆ ನನ್ನ ಕಿಟಕಿಯ ಹತ್ತಿರ ಬಗ್ಗಿ, ಮುಚ್ಚಿದ ಗಾಜಿಗೆ ಗಟ್ಟಿಯಾಗಿ ಹೇಳಿದರು.

"ಮೇಡಂ, ನಿಮ್ಮಷ್ಟು ಕಡಿಮೆ ಕರೆಂಟು ಯಾರೂ ಖರ್ಚು ಮಾಡಿಲ್ಲ. ಆದರೆ ಎರಡು ಶಕ್ತಿಯಲ್ಲಿ ಓಡುವ ಗಾಡಿಗೆ ಹೈಬ್ರಿಡ್ ಅಂತ ಹೇಳುವುದು. ನಿಮ್ಮದು ಅರ್ಧ ಬ್ಯಾಟರಿ, ಅರ್ಧ ವಾಲಿಬಾಲ್. ಹೈಬ್ರಿಡ್ ವಿಭಾಗ ನಾವು ಇಟ್ಟಿಲ್ಲ."

ನಾನು ಕಿಟಕಿ ಇಳಿಸಿದೆ.

"ಮುಂದಿನ ವರ್ಷ ಇಡಿ ಸರ್. ನನ್ನ ತಂಡ ರೆಡಿ ಉಂಟು."